ಕಾಣುವ ಬೆಳಕೂ ಕಾಣದ ಬೆಳಕೂ

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಹಿರಿಯರ ನಾಣ್ಣುಡಿ. ಕಣ್ಣಿಗೆ ಕಂಡದ್ದನ್ನೇ ನಂಬಿ ನಡೆಯುವುದು ಲೋಕದ ರೂಢಿ. ಆದರೆ ಕಣ್ಣು ಗ್ರಹಿಸುವುದು ಬೆಳಕಿನ ಒಂದು ಅಲ್ಪಭಾಗವನ್ನು ಮಾತ್ರವೆಂಬುದು ಶಾಸ್ತ್ರಸಿದ್ಧವಾದ ಸಂಗತಿ. ಹಸಿರು ಬಣ್ಣ ಬಳಿದ ತಗಡೂ ಹಸಿರೆಲೆಯೂ ದೂರದಿಂದ ನೋಡುವವನಿಗೆ ಒಂದೇ ತೆರನಾಗಿ ತೋರುತ್ತವೆ. ಒಂದರಲ್ಲಿ ಜೀವವುಂಟು; ಇನ್ನೊಂದರಲ್ಲಿಲ್ಲ. ಈ ಭೇದವನ್ನು ಹೇಳಬಲ್ಲ ಬೆಳಕು ನಮ್ಮ ಸುತ್ತಲೇ ಇದೆ. ಅದನ್ನು ಕಾಣುವ ಶಕ್ತಿ ಮಾತ್ರ ನಮ್ಮ ಕಣ್ಣಿಗಿಲ್ಲ. ಅದಕ್ಕೆ ಅವಕೆಂಪು ಬೆಳಕೆಂದು ಹೆಸರು. ಆ ಬೆಳಕಿನಿಂದ ತೆಗೆದ ಚಿತ್ರವನ್ನೂ ಕಣ್ಣಿಗೆ ಕಾಣುವ ಬೆಳಕಿನಿಂದ ತೆಗೆದ ಚಿತ್ರವನ್ನೂ ಕೂಡಿಸಿ, ಎರಡರ ಗುಣಗಳನ್ನೂ ಒಂದೇ ಪಟದಲ್ಲಿ ತೋರಿಸುವ ವಿದ್ಯೆ ಈಚಿನ ದಶಕಗಳಲ್ಲಿ ಬಹಳವಾಗಿ ಬೆಳೆದಿದೆ. ಇದನ್ನು ಚಿತ್ರಸಂಯೋಗವೆಂದು ಕರೆಯೋಣ.

ವರ್ತಮಾನಪತ್ರಿಕೆಗೆ ಇಂಥ ಶಾಸ್ತ್ರವಿಷಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಉತ್ತರ ಸುಲಭವಾಗಿದೆ. ಕೆರೆಯ ಎಲ್ಲೆ ಯಾವುದು, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು, ಯಾವ ಕಾಡು ಸುಟ್ಟಿತು, ಯಾವ ಬೆಳೆ ಒಣಗಿತು, ಯಾವ ಬಡಾವಣೆ ಬಿಸಿಲಿಗೆ ಬೇಯುತ್ತಿದೆ ಎಂಬ ಪ್ರಶ್ನೆಗಳಿಗೆ ಸರ್ಕಾರದ ಕಚೇರಿಗಳು ಈಗ ಆಕಾಶದಿಂದ ತೆಗೆದ ಇಂಥ ಚಿತ್ರಗಳನ್ನು ಮುಂದಿಟ್ಟುಕೊಂಡು ಉತ್ತರ ಹುಡುಕುತ್ತವೆ. ಆ ಉತ್ತರದ ಮೇಲೆ ಒಬ್ಬನ ಮನೆ ಉಳಿಯುವುದೂ ಬೀಳುವುದೂ ನಿಂತಿರಬಹುದು. ಆದ್ದರಿಂದ ಈ ಚಿತ್ರಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಪುರಜನರೂ ಅಧಿಕಾರಿಗಳೂ ಸಮನಾಗಿ ತಿಳಿದಿರುವುದು ಆವಶ್ಯಕ.

ಎರಡು ಬೆಳಕುಗಳು

1800ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳವಿದ್ವಾಂಸ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಬಣ್ಣಗಳ ಪಟ್ಟೆಯಲ್ಲಿ ಉಷ್ಣಮಾಪಕಗಳನ್ನಿಟ್ಟು ಪರೀಕ್ಷಿಸಿದನು. ಕೆಂಪಿನ ಅಂಚನ್ನು ದಾಟಿ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿ ಇಟ್ಟಿದ್ದ ಮಾಪಕದ ರಸವೂ ಏರಿತು. ಅಲ್ಲಿಯೂ ಬೆಳಕಿದೆಯೆಂದು ಹೀಗೆ ಗೊತ್ತಾಯಿತು. ನಮ್ಮ ಕಣ್ಣಿಗೆ ಕಾಣುವ ತರಂಗಗಳ ಉದ್ದ ಸುಮಾರು 0.4ರಿಂದ 0.7 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲ್ಲಿಂದಾಚೆಯದೆಲ್ಲ ಅವಕೆಂಪಿನ ರಾಜ್ಯ.

ಈ ರಾಜ್ಯದಲ್ಲಿ ಎರಡು ಪ್ರಾಂತ್ಯಗಳನ್ನು ನಾವು ಮುಖ್ಯವಾಗಿ ಗಮನಿಸಬೇಕು. ಮೊದಲನೆಯದು ಕೆಂಪಿಗೆ ಹತ್ತಿರವಾದದ್ದು. ಇದು ಸೂರ್ಯನಿಂದ ಬಂದು ವಸ್ತುಗಳ ಮೇಲೆ ಬಿದ್ದು ಹಿಂದಿರುಗುವ ಬೆಳಕು. ಆರೋಗ್ಯವುಳ್ಳ ಎಲೆ ಕೆಂಪು ಬೆಳಕನ್ನು ಹೀರಿ ಆಹಾರ ಮಾಡಿಕೊಳ್ಳುತ್ತದೆ; ಸಮೀಪದ ಅವಕೆಂಪನ್ನು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ನೀರು ಅದನ್ನು ಹೀರಿಬಿಡುತ್ತದೆ. ಆದ್ದರಿಂದ ಈ ಬೆಳಕಿನ ಚಿತ್ರದಲ್ಲಿ ತೋಪು ಪ್ರಕಾಶಮಾನವಾಗಿಯೂ ತಿಳಿನೀರಿನ ಕೆರೆ ಕಪ್ಪಾಗಿಯೂ ಮೂಡುತ್ತವೆ. ಎರಡನೆಯ ಪ್ರಾಂತ್ಯ ಸುಮಾರು 8ರಿಂದ 14 ಮೈಕ್ರಾನಿನದು. ಇದಕ್ಕೆ ಸೂರ್ಯನ ಹಂಗಿಲ್ಲ. ನೆಲ, ಗೋಡೆ, ದನ, ಮನುಷ್ಯ, ಎಲ್ಲವೂ ತಮ್ಮ ತಮ್ಮ ಶಾಖಕ್ಕೆ ತಕ್ಕಂತೆ ಇದನ್ನು ತಾವೇ ಹೊರಸೂಸುತ್ತವೆ. ಹಗಲಿರುಳೆನ್ನದೆ ಇದರಿಂದ ಚಿತ್ರ ತೆಗೆಯಬಹುದು.

ಆದರೆ ಯಾವ ಬೆಳಕೂ ಸರ್ವಜ್ಞವಲ್ಲ. ಬಸವನಗುಡಿಯ ಗಾಂಧಿಬಜಾರಿನಲ್ಲಿ ಒಂದು ರಾತ್ರಿ ದೀಪಗಳೆಲ್ಲ ಆರಿಹೋದುವೆಂದು ಭಾವಿಸೋಣ. ಸಾಧಾರಣ ಕ್ಯಾಮೆರಾಕ್ಕೆ ಬೀದಿಯ ತುಂಬ ಕತ್ತಲೆ. ಶಾಖದ ಬೆಳಕನ್ನು ಕಾಣುವ ಕ್ಯಾಮೆರಾಕ್ಕಾದರೋ ನಡೆಯುವ ಜನರೂ, ಮಲಗಿದ ಹಸುವೂ, ಆಗತಾನೆ ನಿಂತ ಮೋಟಾರಿನ ಬಿಸಿ ಯಂತ್ರವೂ ಸ್ಪಷ್ಟ. ಆದರೂ ಅಂಗಡಿಯ ಮೇಲಿನ ಹೆಸರನ್ನು ಅದು ಓದಲಾರದು; ಅಕ್ಷರದ ಬಣ್ಣವೂ ಹಲಗೆಯ ಬಣ್ಣವೂ ಒಂದೇ ಶಾಖದಲ್ಲಿರುವುದರಿಂದ ಅದರ ಪಾಲಿಗೆ ಎರಡಕ್ಕೂ ಭೇದವಿಲ್ಲ. ಗಾಜಿನ ಕಿಟಕಿಯ ಹಿಂದೆ ನಿಂತವನನ್ನೂ ಅದು ಕಾಣದು. ಈ ತರಂಗಗಳಿಗೆ ಗಾಜು ಗೋಡೆಗೆ ಸಮಾನ. ಇನ್ನೂ ಒಂದು ಮಾತು: ನೆಲ ಬೇಗ ಕಾಯ್ದು ಬೇಗ ತಣಿಯುತ್ತದೆ, ನೀರು ನಿಧಾನವಾಗಿ. ಆದ್ದರಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಎರಡರ ಶಾಖವೂ ಒಂದಾಗುವ ಗಳಿಗೆಯಿದೆ. ಆಗ ಕೆರೆಗೂ ದಡಕ್ಕೂ ಇರುವ ಗೆರೆ ಶಾಖಚಿತ್ರದಲ್ಲಿ ಅಳಿಸಿಹೋಗುತ್ತದೆ. ಕಣ್ಣಿಗೆ ಆ ಗೆರೆ ಕಾಣುತ್ತಲೇ ಇರುತ್ತದೆ.

ನಮ್ಮ ಶಾಸ್ತ್ರಕಾರರು ಅಂಧಪಂಗುನ್ಯಾಯವೆಂಬುದೊಂದನ್ನು ಹೇಳಿದ್ದಾರೆ. ಕಾಲುಳ್ಳ ಕುರುಡನು ಕಣ್ಣುಳ್ಳ ಕುಂಟನನ್ನು ಹೆಗಲ ಮೇಲೆ ಹೊತ್ತು ನಡೆದರೆ ಇಬ್ಬರೂ ಊರು ಸೇರುತ್ತಾರೆ. ಕಾಣುವ ಬೆಳಕಿನ ಚಿತ್ರಕ್ಕೆ ಆಕಾರ, ಅಂಚು, ಅಕ್ಷರ ಇವುಗಳ ಸೂಕ್ಷ್ಮತೆ ಉಂಟು. ಅವಕೆಂಪಿನ ಚಿತ್ರಕ್ಕೆ ಜೀವ, ನೀರು, ಶಾಖ ಇವುಗಳ ಅರಿವುಂಟು. ಒಂದರ ಹೆಗಲ ಮೇಲೆ ಇನ್ನೊಂದನ್ನು ಕೂರಿಸುವುದೇ ಚಿತ್ರಸಂಯೋಗದ ಉದ್ದೇಶ.

ನಮ್ಮ ನಾಡಿನ ಸಾಧನೆ

ಈ ವಿದ್ಯೆ ಪರದೇಶದಿಂದ ಬಂದ ಸಿದ್ಧವಸ್ತುವೆಂದು ತಿಳಿಯುವವರು ನಮ್ಮ ಊರಿನ ಚರಿತ್ರೆಯನ್ನೇ ಅರಿಯರು. ಭಾರತದಲ್ಲಿ ದೂರಸಂವೇದಿ ವಿದ್ಯೆಯ ಆರಂಭವಾದದ್ದು 1970ರಲ್ಲಿ, ಪಿ. ಆರ್. ಪಿಷರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಯಿಸಿ, ರೋಗ ತಗುಲಿದ ಮರಗಳನ್ನು ಗುರುತಿಸಲು ಮಾಡಿದ ಪ್ರಯೋಗದಿಂದ. ಅನಂತರ ಈ ಕಾರ್ಯದ ಭಾರ ಬಹುಮಟ್ಟಿಗೆ ಬೆಂಗಳೂರಿನ ಮೇಲೆ ಬಿತ್ತು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರರಾಯರ ಮುಂದಾಳುತನದಲ್ಲಿ, ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟವು 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ಅದಕ್ಕೆ ಭೂಮಿಯನ್ನು ನೋಡುವ ಕಣ್ಣಿರಲಿಲ್ಲ. ಕಣ್ಣು ಬಂದದ್ದು ಅದರ ತಮ್ಮನಾದ ಭಾಸ್ಕರನಿಗೆ.

1979ರ ಜೂನ್ 7ರಂದು ಮೇಲೇರಿದ ಭಾಸ್ಕರವನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಅದರ ಕ್ಯಾಮೆರಾಗಳನ್ನು ಮಾಡಿದವರು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದವರು. ಆ ಕ್ಯಾಮೆರಾಗಳು ಎರಡು ಎಂಬುದು ಇಲ್ಲಿ ಗಮನಾರ್ಹ. ಒಂದು ಕಾಣುವ ಬೆಳಕಿನದು, ಇನ್ನೊಂದು ಸಮೀಪದ ಅವಕೆಂಪಿನದು. ದೇಶದ ಪ್ರಥಮ ಭೂವೀಕ್ಷಣ ಉಪಗ್ರಹವೇ ಈ ಎರಡು ಕಣ್ಣುಗಳನ್ನು ಪಡೆದು ಹುಟ್ಟಿತು. ಅದರ ಚಿತ್ರದ ಒಂದು ಬಿಂದು ನೆಲದ ಮೇಲೆ ಸುಮಾರು 1 ಕಿಲೋಮೀಟರು. ಗಾಂಧಿಬಜಾರೂ ಅದರ ಸುತ್ತಣ ಬೀದಿಗಳೂ ಒಂದೇ ಚುಕ್ಕೆಯಲ್ಲಿ ಅಡಗಿಹೋಗುವಷ್ಟು ಸ್ಥೂಲವಾದ ದೃಷ್ಟಿ. 1988ರ ಮಾರ್ಚಿ 17ರಂದು ಹಾರಿದ ಐ. ಆರ್. ಎಸ್.-1ಎ ಉಪಗ್ರಹದಲ್ಲಿ ಮೂರು ಕಾಣುವ ಬಣ್ಣಗಳೂ ಒಂದು ಅವಕೆಂಪೂ ಇದ್ದುವು. ಅದರ ಒಂದು ಕ್ಯಾಮೆರಾದ ಬಿಂದು 72.5 ಮೀಟರು, ಇನ್ನೊಂದರದು ಅದರ ಅರ್ಧ.

ಕಣ್ಣಿಗೆ ಕಾಣದ ಬಣ್ಣವನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ಅವಕೆಂಪಿಗೆ ಕೆಂಪು ಬಣ್ಣವನ್ನೂ, ಕೆಂಪಿಗೆ ಹಸಿರನ್ನೂ, ಹಸಿರಿಗೆ ನೀಲಿಯನ್ನೂ ಕೊಟ್ಟು ಅಚ್ಚುಮಾಡುವುದು ವಾಡಿಕೆ. ಚಿತ್ರಸಂಯೋಗದ ಅತ್ಯಂತ ಸರಳವಾದ ಕ್ರಮ ಇದೇ. ಇಂಥ ಪಟದಲ್ಲಿ ಲಾಲ್‌ಬಾಗು ಕುಂಕುಮದ ರಾಶಿಯಂತೆ ಕೆಂಪಾಗಿಯೂ, ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆ ಕಾಡಿಗೆಯಂತೆ ಕಪ್ಪಾಗಿಯೂ, ಚಾಮರಾಜಪೇಟೆಯ ಒತ್ತೊತ್ತಾದ ಮನೆಗಳು ಬೂದುನೀಲಿಯಾಗಿಯೂ ಕಾಣುತ್ತವೆ.

1995ರ ಡಿಸೆಂಬರ್ 28ರಂದು ಹಾರಿದ ಐ. ಆರ್. ಎಸ್.-1ಸಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ಒಂದು ಕ್ಯಾಮೆರಾ ಕಾಣುವ ಬೆಳಕಿನಲ್ಲಿ 5.8 ಮೀಟರಿನಷ್ಟು ಸೂಕ್ಷ್ಮವಾಗಿ, ಆದರೆ ಬಣ್ಣವಿಲ್ಲದೆ ನೋಡುತ್ತಿತ್ತು. ಇನ್ನೊಂದು ಹಸಿರು, ಕೆಂಪು, ಅವಕೆಂಪುಗಳನ್ನು ಬೇರೆಬೇರೆಯಾಗಿ, ಆದರೆ 23.5 ಮೀಟರಿನಷ್ಟು ಸ್ಥೂಲವಾಗಿ ನೋಡುತ್ತಿತ್ತು. ಎರಡನೆಯದರ ಒಂದು ಬಿಂದುವಿನಲ್ಲಿ ಮೊದಲನೆಯದರ ಸುಮಾರು 16 ಬಿಂದುಗಳು ಹಿಡಿಯುತ್ತವೆ. ಮೊದಲನೆಯದರ ಗೆರೆಯ ಮೇಲೆ ಎರಡನೆಯದರ ಬಣ್ಣವನ್ನು ಹಚ್ಚಿ, ಬೀದಿಯ ಅಂಚನ್ನೂ ಮರದ ಆರೋಗ್ಯವನ್ನೂ ಒಟ್ಟಿಗೆ ತೋರಿಸುವ ಪಟಗಳನ್ನು ನಮ್ಮವರು ಮಾಡಿದರು. ಅನಂತರ 2005ರಲ್ಲಿ ಬಂದ ಕಾರ್ಟೊಸ್ಯಾಟ್-1ರ 2.5 ಮೀಟರಿನ ಚಿತ್ರವನ್ನೂ ರಿಸೋರ್ಸ್‌ಸ್ಯಾಟಿನ 5.8 ಮೀಟರಿನ ಬಣ್ಣದ ಚಿತ್ರವನ್ನೂ ಹೀಗೆಯೇ ಕೂಡಿಸಿ ಗ್ರಾಮಪಂಚಾಯತಿಗಳ ಯೋಜನೆಗಾಗಿ ನಕ್ಷೆಗಳು ಸಿದ್ಧವಾದುವು.

ಮಳೆಯ ವಿಷಯದಲ್ಲಿಯೂ ಹೀಗೆಯೇ. 2013ರಲ್ಲಿ ಹಾರಿದ ಇನ್‌ಸ್ಯಾಟ್-3ಡಿ, 2016ರ 3ಡಿಆರ್, 2024ರ 3ಡಿಎಸ್ ಎಂಬ ಹವಾಮಾನದ ಉಪಗ್ರಹಗಳನ್ನು ನಡೆಸುವ ಕೇಂದ್ರ ನಮ್ಮ ಹಾಸನದಲ್ಲಿದೆ. ಇವುಗಳ ಕಾಣುವ ಬೆಳಕಿನ ಚಿತ್ರ ಮೋಡದ ದಪ್ಪವನ್ನು ಹೇಳುತ್ತದೆ. ಶಾಖಚಿತ್ರ ಮೋಡದ ನೆತ್ತಿ ಎಷ್ಟು ತಣ್ಣಗಿದೆ, ಎಂದರೆ ಎಷ್ಟು ಎತ್ತರದಲ್ಲಿದೆ, ಎಂಬುದನ್ನು ಹೇಳುತ್ತದೆ. ನೆಲಕ್ಕೆ ಅಂಟಿದ ಮಂಜು ನೆಲದಷ್ಟೇ ಬೆಚ್ಚಗಿರುವುದರಿಂದ ಶಾಖಚಿತ್ರದಲ್ಲಿ ಬಹುಪಾಲು ಮರೆಯಾಗುತ್ತದೆ. ಕಾಣುವ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ತೆಳುವಾದ ಎತ್ತರದ ಮೋಡದ ವಿಷಯ ಇದಕ್ಕೆ ವಿರುದ್ಧ. ಎರಡನ್ನೂ ಕೂಡಿಸಿ ನೋಡಿದವನಿಗೇ ಮಳೆ ಸುರಿಸುವ ಮೋಡ ಯಾವುದೆಂಬ ವಿವೇಕ ಬರುವುದು.

ಹಾಲುನೀರೋ, ಎಳ್ಳಕ್ಕಿಯೋ?

ಕೂಡಿಸುವುದೆಂದರೇನು? ಇದರಲ್ಲಿಯೇ ವಿದ್ಯೆಯ ಮರ್ಮವಿದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಕ್ಷೀರನೀರನ್ಯಾಯ, ತಿಲತಂಡುಲನ್ಯಾಯ ಎಂದು ಎರಡು ಬಗೆಯ ಬೆರಕೆಗಳನ್ನು ಹೇಳುತ್ತಾರೆ. ಹಾಲಿಗೆ ನೀರು ಬೆರೆತರೆ ಯಾವುದು ಎಲ್ಲಿದೆಯೆಂದು ತೋರಿಸಲಾಗದು. ಎಳ್ಳೂ ಅಕ್ಕಿಯೂ ಬೆರೆತರೆ ಒಂದೇ ಮೊರದಲ್ಲಿದ್ದರೂ ಎಳ್ಳು ಎಳ್ಳಾಗಿಯೇ, ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ.

ಎರಡು ಚಿತ್ರಗಳ ಬಿಂದುಗಳನ್ನು ಒಂದಕ್ಕೊಂದು ಕೂಡಿಸಿ ಎರಡರಿಂದ ಭಾಗಿಸುವುದು ಹಾಲುನೀರಿನ ಬೆರಕೆ. ಒಂದರಲ್ಲಿ ಬೆಳ್ಳಗಿದ್ದದ್ದು ಇನ್ನೊಂದರಲ್ಲಿ ಕಪ್ಪಗಿದ್ದರೆ ಫಲ ಬೂದಿಯ ಬಣ್ಣ. ಎರಡೂ ಸಾಕ್ಷಿಗಳು ತಮ್ಮ ಮಾತನ್ನು ಕಳೆದುಕೊಂಡಂತಾಯಿತು. ಆದುದರಿಂದ ವಿದ್ವಾಂಸರು ಬೇರೆ ಮಾರ್ಗ ಹಿಡಿದರು. 1983ರಲ್ಲಿ ಬರ್ಟ್ ಮತ್ತು ಏಡಲ್‌ಸನ್ ಎಂಬವರು ಒಂದು ಚಿತ್ರವನ್ನು ಗೋಪುರದ ನೆಲೆಗಳಂತೆ ಹಲವು ಮಟ್ಟಗಳಾಗಿ ಬಿಡಿಸುವ ಕ್ರಮವನ್ನು ಪ್ರಕಟಿಸಿದರು. ಒಂದು ಮಟ್ಟದಲ್ಲಿ ಸಣ್ಣ ಗೆರೆಗಳು, ಅದರ ಮೇಲೆ ಮಧ್ಯಮ ಆಕಾರಗಳು, ಕೊನೆಯಲ್ಲಿ ಒಟ್ಟಾರೆ ಬೆಳಕು ನೆರಳುಗಳು. ಎರಡು ಚಿತ್ರಗಳನ್ನೂ ಹೀಗೆ ಬಿಡಿಸಿಕೊಂಡರೆ, ಪ್ರತಿಯೊಂದು ಮಟ್ಟದಲ್ಲಿಯೂ ಯಾವ ಚಿತ್ರದಲ್ಲಿ ವಿವರ ಬಲವಾಗಿದೆಯೋ ಅದನ್ನು ಆರಿಸಿಕೊಂಡು ಮತ್ತೆ ಜೋಡಿಸಬಹುದು. ಗೆರೆ ಕಾಣುವ ಚಿತ್ರದಿಂದ ಬಂದೀತು. ಬಿಸಿಯಾದ ದೇಹ ಶಾಖಚಿತ್ರದಿಂದ ಬಂದೀತು. ವೇವ್‌ಲೆಟ್ ಎಂಬ ಗಣಿತದ ಕ್ರಮವೂ ಇದೇ ಜಾತಿಯದು. ಇದು ಎಳ್ಳಕ್ಕಿಯ ಬೆರಕೆಗೆ ಹತ್ತಿರ.

ಇದಕ್ಕೆಲ್ಲ ಮೊದಲು ಎರಡು ಚಿತ್ರಗಳೂ ಕೂದಲೆಳೆಯಷ್ಟೂ ತಪ್ಪದಂತೆ ಒಂದರ ಮೇಲೊಂದು ಕೂರಬೇಕು. ಕ್ಯಾಮೆರಾಗಳ ಸ್ಥಾನ ಬೇರೆ, ದೃಷ್ಟಿಯ ಅಗಲ ಬೇರೆ, ಕೆಲವು ವೇಳೆ ಚಿತ್ರ ತೆಗೆದ ಗಳಿಗೆಯೂ ಬೇರೆ. ಕೂರಿಸುವುದರಲ್ಲಿ ನಾಲ್ಕು ಬಿಂದು ತಪ್ಪಿದರೆ ಒಬ್ಬನಿಗೆ ಎರಡು ನೆರಳು ಬಂದಂತೆ, ಒಂದು ಕಾಲುವೆಗೆ ಎರಡು ದಡಗಳಿಗೆ ಬದಲಾಗಿ ನಾಲ್ಕು ದಡಗಳು ಕಂಡಾವು.

ಈ ವಿಷಯದಲ್ಲಿಯೂ ಬೆಂಗಳೂರಿನ ಕೆಲಸ ಉಲ್ಲೇಖನೀಯವಾಗಿದೆ. ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿ. ಪಿ. ಎಸ್. ನಾಯ್ಡು ಮತ್ತು ಜೆ. ಆರ್. ರಾವೋಲ್ ಅವರು 2008ರಲ್ಲಿ ವೇವ್‌ಲೆಟ್ ಕ್ರಮವನ್ನೂ ಮುಖ್ಯಘಟಕ ವಿಶ್ಲೇಷಣೆಯೆಂಬ ಇನ್ನೊಂದು ಕ್ರಮವನ್ನೂ ಒರೆಗೆ ಹಚ್ಚಿದ ಲೇಖನವೊಂದನ್ನು ಪ್ರಕಟಿಸಿದರು. ಕೆಲವು ಅಳತೆಗಳಲ್ಲಿ ಒಂದು ಮೇಲು, ಇತರ ಅಳತೆಗಳಲ್ಲಿ ಇನ್ನೊಂದು ಮೇಲು ಎಂಬುದು ಅವರ ನಿರ್ಣಯ. ತೆಳುಮಂಜಿನಲ್ಲಿಯೂ ಕತ್ತಲೆಯಲ್ಲಿಯೂ ವಿಮಾನವನ್ನು ಇಳಿಸುವವನಿಗೆ ಎರಡು ಬೆಳಕುಗಳ ಚಿತ್ರವನ್ನು ಒಂದಾಗಿಸಿ ತೋರಿಸಿದರೆ ಆಗುವ ಉಪಕಾರವನ್ನು ದೇವನಹಳ್ಳಿಯ ನಿಲ್ದಾಣದಲ್ಲಿ ಚಳಿಗಾಲದ ಮುಂಜಾನೆ ಕಾದು ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಕಾರ್ಯಕ್ಕೂ ಶ್ರೇಷ್ಠವಾದ ಒಂದೇ ಕ್ರಮವೆಂಬುದಿಲ್ಲ. ಕಾರ್ಯವನ್ನು ನೋಡಿ ಕ್ರಮವನ್ನು ಆರಿಸಬೇಕೆಂಬುದೇ ಇಲ್ಲಿಯ ಪಾಠ.

ಎಚ್ಚರಿಕೆಯ ಮಾತು

ಈಚೆಗೆ ಗಣಕಯಂತ್ರಕ್ಕೆ ಸಾವಿರಾರು ಚಿತ್ರಗಳನ್ನು ತೋರಿಸಿ, ಕೂಡಿಸುವ ಬಗೆಯನ್ನು ಅದೇ ಕಲಿಯುವಂತೆ ಮಾಡುವ ಪದ್ಧತಿ ಬಂದಿದೆ. ಫಲ ಬಹಳ ಅಂದವಾಗಿರುತ್ತದೆ. ಆದರೆ ಅಂದವೇ ಸತ್ಯವಲ್ಲ. ಯಂತ್ರವು ತಾನು ಹಿಂದೆ ಕಂಡ ಚಿತ್ರಗಳ ಅಭ್ಯಾಸದಿಂದ, ಎರಡು ಮೂಲಗಳಲ್ಲಿಯೂ ಇಲ್ಲದ ಗೆರೆಯನ್ನು ತಾನೇ ತುಂಬುವ ಅಪಾಯವುಂಟು. ಸಿನಿಮಾಕ್ಕೆ ಇದರಿಂದ ಹಾನಿಯಿಲ್ಲ. ಜಮೀನಿನ ವ್ಯಾಜ್ಯಕ್ಕೆ ಹಾನಿಯುಂಟು.

ಇನ್ನೊಂದು ಮೋಸ ಇನ್ನೂ ಸೂಕ್ಷ್ಮವಾದದ್ದು. ನಗರದ ಶಾಖವನ್ನು ತೋರಿಸುವ ಪಟಗಳಿಗೆ ಅಮೆರಿಕದ ಲ್ಯಾಂಡ್‌ಸ್ಯಾಟ್-8 ಉಪಗ್ರಹದ ಶಾಖಚಿತ್ರವನ್ನು ಬಳಸುವುದುಂಟು. ಅದರ ಶಾಖದ ಕಣ್ಣಿನ ಬಿಂದು 100 ಮೀಟರು. ಎಂದರೆ ಒಂದು ಹೆಕ್ಟೇರು, ಸುಮಾರು ಎರಡೂವರೆ ಎಕರೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಒಂದು ತುಂಡು, ಅದರ ಎರಡು ಮಗ್ಗುಲಿನ ಮನೆಗಳು, ಹಿತ್ತಲಿನ ಮರಗಳು, ಇವೆಲ್ಲದರ ಸರಾಸರಿ ಒಂದೇ ಅಂಕೆ. ಈ ಅಂಕೆಗಳ ಮೇಲೆ ಸೂಕ್ಷ್ಮವಾದ ಕಾಣುವ ಚಿತ್ರವನ್ನು ಕೂರಿಸಿದರೆ ಒಂದೊಂದು ಮನೆಯ ತಾರಸಿಯ ಶಾಖವನ್ನೂ ಬೇರೆಬೇರೆಯಾಗಿ ಅಳೆದಂತೆ ಕಾಣುತ್ತದೆ. ಅಳೆದದ್ದು ಹೆಕ್ಟೇರನ್ನು, ಕಾಣುವುದು ಮನೆ. ಗೆರೆ ಒಂದು ಕಣ್ಣಿನದು, ಶಾಖ ಇನ್ನೊಂದು ಕಣ್ಣಿನದು ಎಂಬುದನ್ನು ಮರೆತವನು ಮೋಸಹೋಗುತ್ತಾನೆ. ಅದೂ ಅಲ್ಲದೆ, ಉಪಗ್ರಹ ಅಳೆಯುವುದು ತಾರಸಿಯ, ಡಾಂಬರಿನ ಮೈಶಾಖವನ್ನೇ ಹೊರತು ಮನೆಯೊಳಗೆ ಕುಳಿತವನು ಅನುಭವಿಸುವ ಗಾಳಿಯ ಶಾಖವನ್ನಲ್ಲ.

ಕೆರೆಯ ಮಾತೂ ಹೀಗೆಯೇ. ತಿಳಿನೀರು ಅವಕೆಂಪಿನಲ್ಲಿ ಕಪ್ಪೆಂದು ಹೇಳಿದೆವಷ್ಟೆ. ಆದರೆ ಕೊಳಚೆ ಸೇರಿ ಅಂತರಗಂಗೆ ಹಬ್ಬಿ ಮುಚ್ಚಿದ ಕೆರೆ, ಆ ಬಣ್ಣದ ಪಟದಲ್ಲಿ ಲಾಲ್‌ಬಾಗಿನಂತೆಯೇ ಕೆಂಪಾಗಿ ತೋರುತ್ತದೆ. ಒಂದು ದಿನದ ಒಂದು ಚಿತ್ರವನ್ನು ಹಿಡಿದು “ಇಲ್ಲಿ ನೀರೇ ಇಲ್ಲ, ಇದು ಕೆರೆಯೇ ಅಲ್ಲ” ಎಂದು ವಾದಿಸುವವನಿಗೆ ಅದೇ ಸಾಧನ ಸಹಾಯಕವಾದೀತು. ಹಲವು ಋತುಗಳ ಚಿತ್ರಗಳೂ, ಹಳೆಯ ಗ್ರಾಮನಕ್ಷೆಯೂ, ಸ್ಥಳಕ್ಕೆ ಹೋಗಿ ನೋಡಿದವರ ವರದಿಯೂ ಜೊತೆಗೂಡಿದಾಗಲೇ ನಿರ್ಣಯಕ್ಕೆ ಬೆಲೆ.

ಆಗಬೇಕಾದದ್ದು

2016ರಲ್ಲಿಯೂ 2022ರಲ್ಲಿಯೂ ಮಳೆಯ ನೀರು ಬೀದಿಗಳಿಗೆ ನುಗ್ಗಿದ ಮೇಲೆ, ರಾಜಕಾಲುವೆಗಳ ಒತ್ತುವರಿಯೆಂದು ಬೆಂಗಳೂರಿನಲ್ಲಿ ಕಟ್ಟಡಗಳನ್ನು ಕೆಡವಿದರು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೇ ಬೆಂಕಿ ಬಿತ್ತು. ಕಾಲುವೆಯನ್ನು ಉಳಿಸಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಒತ್ತುವರಿ ಮಾಡಿದವರ ವಕಾಲತ್ತು ನಮ್ಮದಲ್ಲ. ಆದರೆ ಚಿತ್ರವನ್ನು ಸಾಕ್ಷಿಯಾಗಿ ತರುವವರು ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಲು ಸಿದ್ಧರಿರಬೇಕು. ಕೂಡಿಸಿದ ಪಟವೊಂದನ್ನೇ ಮುಂದಿಟ್ಟು ಮೂಲಗಳನ್ನು ಮುಚ್ಚಿಡುವುದು, ಇಬ್ಬರು ಸಾಕ್ಷಿಗಳ ಹೇಳಿಕೆಗಳನ್ನು ಗುಮಾಸ್ತನೊಬ್ಬನು ಒಂದಾಗಿ ಬರೆದು ಅವರನ್ನು ನ್ಯಾಯಸ್ಥಾನಕ್ಕೇ ಕರೆಯದಿದ್ದಂತೆ.

ಆದ್ದರಿಂದ ನಮ್ಮ ಸೂಚನೆಗಳು ಇಷ್ಟು. ಮೊದಲನೆಯದಾಗಿ, ನೆಲ, ನೀರು, ಕಾಡುಗಳ ವಿಷಯದಲ್ಲಿ ಯಾವ ಕಚೇರಿಯೇ ಆಗಲಿ ಸಂಯುಕ್ತ ಚಿತ್ರವನ್ನು ಆಧಾರವಾಗಿ ಹಿಡಿದರೆ, ಅದರ ಎರಡು ಮೂಲಚಿತ್ರಗಳನ್ನೂ, ಉಪಗ್ರಹದ ಹೆಸರು, ತೆಗೆದ ದಿನ, ಗಳಿಗೆ, ಬಿಂದುವಿನ ಅಳತೆ, ಕೂಡಿಸಿದ ಕ್ರಮ, ಇವೆಲ್ಲವನ್ನೂ ಜೊತೆಯಲ್ಲಿಯೇ ಪ್ರಕಟಿಸಬೇಕು. ಎರಡನೆಯದಾಗಿ, ಇದು ಕನ್ನಡದಲ್ಲಿರಬೇಕು; ಕೆರೆಗೂ ಬೀದಿಗೂ ಜನ ಕರೆಯುವ ಹೆಸರೇ ಪಟದಲ್ಲಿರಬೇಕು. ತನ್ನ ಮನೆಯ ಮೇಲೆ ಎಳೆದ ಗೆರೆಯ ಅರ್ಥವನ್ನು ತಿಳಿಯಲು ಒಬ್ಬ ಪೌರನು ದುಭಾಷಿಯನ್ನು ಹುಡುಕಿಕೊಂಡು ಹೋಗಬೇಕಾದರೆ ಸ್ವರಾಜ್ಯದ ಅರ್ಥವೇನು? ಮೂರನೆಯದಾಗಿ, ಆಜ್ಞೆ ಹೊರಡುವುದಕ್ಕೆ ಮುನ್ನ ಸ್ಥಳಪರೀಕ್ಷೆಯಾಗಬೇಕು. ಸಂಬಂಧಪಟ್ಟವರ ಮಾತನ್ನು ಕೇಳಬೇಕು. ನಾಲ್ಕನೆಯದಾಗಿ, ಸರ್ವೆಯವರಿಗೂ ಕಂದಾಯದವರಿಗೂ ಪಾಲಿಕೆಯ ಇಂಜಿನಿಯರುಗಳಿಗೂ ಈ ಪಟಗಳನ್ನು ಓದುವ ಶಿಕ್ಷಣ ಕಡ್ಡಾಯವಾಗಬೇಕು.

ಇದು ಅಸಾಧ್ಯವಾದ ಮಾತಲ್ಲ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಇದೇ ಊರಿನಲ್ಲಿದೆ. ಉಪಗ್ರಹಗಳನ್ನು ಕಟ್ಟುವವರು ಇಲ್ಲಿದ್ದಾರೆ. ಚಿತ್ರಗಳನ್ನು ಕೂಡಿಸುವ ಗಣಿತವನ್ನು ಬಲ್ಲವರು ಇಲ್ಲಿದ್ದಾರೆ. 2025ರಲ್ಲಿ ನಗರದ ಆಡಳಿತವನ್ನು ಗ್ರೇಟರ್ ಬೆಂಗಳೂರು ಪ್ರಾಧಿಕಾರವೆಂದೂ ಅದರ ಕೆಳಗೆ ಐದು ಪಾಲಿಕೆಗಳೆಂದೂ ಹೊಸದಾಗಿ ವಿಂಗಡಿಸಿದರು. ಹೊಸ ಮನೆಗೆ ಹೊಸ ಲೆಕ್ಕದ ಪುಸ್ತಕ ತೆರೆಯುವುದು ಸಂಪ್ರದಾಯ. ಐದು ಪಾಲಿಕೆಗಳೂ ತಮ್ಮ ತಮ್ಮ ಎಲ್ಲೆಯ ಕೆರೆ ಕಾಲುವೆಗಳ ಇಂಥ ಪಟಗಳನ್ನು ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಕಚೇರಿಯ ಬಾಗಿಲಲ್ಲಿ ತೂಗುಹಾಕಿದರೆ ಖರ್ಚು ಹೆಚ್ಚಲ್ಲ, ಲಾಭ ಬಹಳ.

ಒಂದು ಮಾತನ್ನು ಮಾತ್ರ ನಾವು ಮರೆಯಲಾಗದು. ಧರ್ಮಾಂಬುಧಿ ಕೆರೆ ಬಸ್ಸುನಿಲ್ದಾಣವಾದದ್ದೂ, ಸಂಪಂಗಿ ಕೆರೆ ಕ್ರೀಡಾಂಗಣವಾದದ್ದೂ ಯಾರ ಕಣ್ಣಿಗೂ ಕಾಣದೆ ನಡೆದ ಕಾರ್ಯಗಳಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ, ಕಾಣುವ ಬೆಳಕಿನಲ್ಲಿಯೇ, ಹಗಲು ಹೊತ್ತಿನಲ್ಲಿಯೇ ಅವು ನಡೆದುವು. ಕಾಣದ ಬೆಳಕನ್ನು ಕಾಣಿಸುವ ಯಂತ್ರವನ್ನು ನಮ್ಮ ವಿಜ್ಞಾನಿಗಳು ಮಾಡಿಕೊಟ್ಟಿದ್ದಾರೆ. ಕಂಡದ್ದನ್ನು ಕಂಡಂತೆ ಹೇಳುವ ಮನಸ್ಸನ್ನು ಯಾವ ಯಂತ್ರವೂ ಮಾಡಿಕೊಡಲಾರದು. ಅದು ಅಧಿಕಾರಿಗಳ ಧರ್ಮ. ಅದನ್ನು ಕೇಳಿ ಪಡೆಯುವುದು ಪೌರರ ಧರ್ಮ. ಎರಡೂ ಕೂಡಿದರೆ ಕೆಂಪೇಗೌಡನ ಊರಿನಲ್ಲಿ ಉಳಿದಿರುವ ನಾಲ್ಕು ಕೆರೆಗಳಾದರೂ ಮುಂದಿನವರ ಪಾಲಿಗೆ ಉಳಿದಾವು.